ಕಿವಿಮಂದ, ಕಿವಿಮೊರೆತ, ಕಿವಿಕಟ್ಟು: ಭಟ್ಕಳ–ಕುಮಟಾ ಕರಾವಳಿಯಲ್ಲಿ

ಮಾತು ಸ್ಪಷ್ಟವಾಗಿ ಕೇಳಿಸದಿರುವುದು, ಹೊರಗೆ ಸದ್ದಿಲ್ಲದಿದ್ದರೂ ಕಿವಿಯೊಳಗೆ ಗುಂಯ್‌ಗುಡುವುದು, ಕಿವಿ ಕಟ್ಟಿ ಒಳಗಿನಿಂದ ಒತ್ತಿದಂತಾಗುವುದು: ಇವು ಮೂರು ಬೇರೆ ಬೇರೆ ಬಾಧೆಗಳು, ಆದರೆ ಒಂದೇ ಕಿವಿಯಲ್ಲಿ ಒಟ್ಟಾಗಿ ಕಾಣಿಸಿಕೊಳ್ಳುವುದೂ ಉಂಟು. ಮೊದಲನೆಯದು ಶ್ರವಣದೋಷ, ಎರಡನೆಯದು ಟಿನ್ನಿಟಸ್ ಅಥವಾ ಕಿವಿಮೊರೆತ. ಮೂರನೆಯದು ಹೆಚ್ಚಾಗಿ ನಡುಗಿವಿಯ ಗಾಳಿಯ ಒತ್ತಡ ಹೊರಗಿನದಕ್ಕೆ ಹೊಂದಿಕೊಳ್ಳದೆ ಹುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯಂತೆ ಜಗತ್ತಿನ 150 ಕೋಟಿಗೂ ಹೆಚ್ಚು ಜನರಿಗೆ ಏನಾದರೊಂದು ಪ್ರಮಾಣದ ಶ್ರವಣದೋಷವಿದೆ. ಅವರಲ್ಲಿ ಸುಮಾರು 43 ಕೋಟಿ ಜನರಿಗೆ ನೆರವು ಬೇಕೇ ಬೇಕು. ಈ ಬಾಧೆಗಳಲ್ಲಿ ಕೆಲವು ವಾಸಿಯಾಗುತ್ತವೆ, ಕೆಲವು ಆಗುವುದಿಲ್ಲ. ಆದರೆ ವಾಸಿಯಾಗದು ಎಂದ ಮಾತ್ರಕ್ಕೆ ಏನೂ ಮಾಡುವಂತಿಲ್ಲ ಎಂದು ಕೈಚೆಲ್ಲುವುದು ತಪ್ಪು. ಆಧಾರಗಳನ್ನು ಒಂದೊಂದಾಗಿ ನೋಡಿದರೆ ಇದು ತಿಳಿಯುತ್ತದೆ.

ಒತ್ತಡದ ತೊಂದರೆಯನ್ನು ಅರಿಯಲು ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ನೆಲವೇ ಒಳ್ಳೆಯ ಪಾಠ. ಇಲ್ಲಿ ಒಂದು ಮಗ್ಗುಲಿಗೆ ಸಹ್ಯಾದ್ರಿ, ಇನ್ನೊಂದಕ್ಕೆ ಅರಬ್ಬಿ ಸಮುದ್ರ. ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ ಯುಸ್ಟೇಷಿಯನ್ ನಾಳವಿದೆ. ದೊಡ್ಡವರಲ್ಲಿ ಅದರ ಉದ್ದ ಸುಮಾರು 35 ಮಿ.ಮೀ. ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುವ ಅದು ಉಗುಳು ನುಂಗಿದಾಗ, ಆಕಳಿಸಿದಾಗ ಕ್ಷಣಮಾತ್ರ ತೆರೆದುಕೊಳ್ಳುತ್ತದೆ. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವಷ್ಟರಲ್ಲಿ ಸುಮಾರು 600 ಮೀಟರ್ ಏರಿರುತ್ತೇವೆ, ಗಾಳಿಯ ಒತ್ತಡ ಶೇ. 6–7ರಷ್ಟು ಇಳಿದಿರುತ್ತದೆ. ಹತ್ತುವಾಗ ಒಳಗಿನ ಗಾಳಿ ತಾನಾಗಿ ಹೊರಬೀಳುತ್ತದೆ. ಇಳಿಯುವಾಗ ನಾಳವನ್ನು ನಾವೇ ತೆರೆಯಬೇಕು. ಮಂಗಳೂರಿನಿಂದ ಕೊಲ್ಲಿ ನಾಡುಗಳಿಗೆ ಹೋಗಿಬರುವ ಭಟ್ಕಳದವರಿಗೆ ವಿಮಾನ ಏರುವಾಗಿನದಕ್ಕಿಂತ ಇಳಿಯುವಾಗ ಕಿವಿನೋವು ಹೆಚ್ಚಾಗಿ ಕಾಡುವುದೂ ಇದರಿಂದಲೇ. ನೀರಿನಲ್ಲಿ ಲೆಕ್ಕ ಇನ್ನೂ ಕಠಿಣ. ಇಡೀ ಘಟ್ಟ ಇಳಿದಾಗ ಆಗುವಷ್ಟು ಒತ್ತಡದ ವ್ಯತ್ಯಾಸ ಸಮುದ್ರದಲ್ಲಿ ಒಂದು ಮೀಟರ್ ಮುಳುಗುವ ಮೊದಲೇ ಆಗಿಬಿಡುತ್ತದೆ. 10 ಮೀಟರ್ ಆಳಕ್ಕೆ ಒತ್ತಡ ದುಪ್ಪಟ್ಟಾಗುತ್ತದೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಹೋಗುವ ಪ್ರವಾಸಿಗೂ, ಉಸಿರು ಬಿಗಿಹಿಡಿದು ಬಂಡೆಗಳಿಂದ ನೀಲಿಕಲ್ಲು ಎಂಬ ಚಿಪ್ಪುಜೀವಿಯನ್ನು ಕೀಳುವವರಿಗೂ ನಿಯಮ ಒಂದೇ: ನೋವು ಬರುವ ಮೊದಲೇ, ಮೊದಲ ಮೀಟರಿನಿಂದಲೇ, ಮೂಗು ಹಿಡಿದು ಮೆತ್ತಗೆ ಗಾಳಿ ಒತ್ತಬೇಕು ಇಲ್ಲವೆ ನುಂಗಬೇಕು. ನೆಗಡಿ ಇದ್ದ ದಿನ ಮುಳುಗಬಾರದು. ಇಷ್ಟನ್ನು ಪಾಲಿಸಿದರೆ ಈ ಗಾಯಗಳಲ್ಲಿ ಹೆಚ್ಚಿನವು ತಪ್ಪುತ್ತವೆ. ಕಿವಿತಮಟೆ ಹರಿದರೂ ನೀರು ಹೋಗದಂತೆ ಕಾಪಾಡಿದಲ್ಲಿ ಬಹುಪಾಲು ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ.

ಕಿವಿ ಕಟ್ಟಿದರೆ ಬಿಸಿ ಮಾಡಿದ ತೆಂಗಿನೆಣ್ಣೆ ಬಿಡುವ ರೂಢಿ ಕರಾವಳಿಯಲ್ಲಿ ಹಳೆಯದು. ಎಣ್ಣೆ ಗುಗ್ಗೆಯನ್ನು ಮೆತ್ತಗೆ ಮಾಡುತ್ತದೆ ಎಂಬುದು ನಿಜ, ರೂಢಿ ನಿಂತಿರುವುದೂ ಆ ನಿಜದ ಮೇಲೆಯೇ. ಆದರೆ ಕಿವಿ ಕಟ್ಟಲು ಗುಗ್ಗೆಯೇ ಕಾರಣವೆಂದು ಹೊರಗಿನಿಂದ ಹೇಳಲಾಗದು. ತಮಟೆಯಲ್ಲಿ ತೂತಿದ್ದರೆ ಎಣ್ಣೆ ಸೋಂಕನ್ನು ನಡುಗಿವಿಗೆ ಒಯ್ಯುತ್ತದೆ. ಮಳೆಗಾಲದ ತೇವದಲ್ಲಿ ಕಿವಿಯ ಬೂಷ್ಟು ರೋಗ ಹೇಗೂ ಹೆಚ್ಚು. ಸೋರುವ ಕಿವಿಗಂತೂ ಎಣ್ಣೆ ಬಿಡಲೇಬಾರದು.

ಒಳಗಿವಿಯ ಹಾನಿಯ ಮಾತು ಬೇರೆ. ಪ್ರತಿ ಕಿವಿಯ ಶಂಖದಲ್ಲಿ (ಕಾಕ್ಲಿಯಾ) ಸದ್ದನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳಿವೆ. ಮನುಷ್ಯರಲ್ಲಿ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸು ಅವನ್ನು ಸವೆಸುತ್ತದೆ, ಅಬ್ಬರದ ಸದ್ದು ಬೇಗ ಸವೆಸುತ್ತದೆ. ದಿನಕ್ಕೆ ಎಂಟು ಗಂಟೆ 85 ಡೆಸಿಬಲ್ ಎಂಬುದು ಒಪ್ಪಿತ ಮಿತಿ. ಅದರ ಮೇಲೆ ಪ್ರತಿ 3 ಡೆಸಿಬಲ್ಲಿಗೆ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. ಭಟ್ಕಳದ ತೆಂಗಿನಗುಂಡಿಯಿಂದಲೋ ಕುಮಟೆಯ ತದಡಿಯಿಂದಲೋ ಹೊರಡುವ ಬೋಟಿನ ಡೀಸೆಲ್ ಎಂಜಿನ್ ಪಕ್ಕದಲ್ಲಿ ಕೈಯಳತೆಯವನೊಡನೆ ಮಾತಾಡಲು ಕೂಗಬೇಕಾದರೆ, ಆ ಮಿತಿ ದಾಟಿದೆ ಎಂದೇ ತಿಳಿಯಬೇಕು. ಅಲ್ಲಿ ಕಿವಿಗೆ ಹಾಕುವ ಅಗ್ಗದ ಸ್ಪಂಜು ಬಿರಡೆ ಮುಂದಿನ ಯಾವ ಔಷಧಿಗಿಂತಲೂ ಹೆಚ್ಚಿನದು. ಕಳೆದುಹೋದ ಶ್ರವಣಕ್ಕೆ ಇರುವುದು ಜನ ಕಿವಿ ಮಷಿನ್ ಎನ್ನುವ ಶ್ರವಣಸಾಧನ. ಅದು ಗದ್ದಲವನ್ನಷ್ಟೇ ಹೆಚ್ಚಿಸುತ್ತದೆ ಎಂಬ ದೂರು ಸುಳ್ಳಲ್ಲ: ವರ್ಷಗಟ್ಟಲೆ ಸಣ್ಣ ಸದ್ದು ಕೇಳದ ಮಿದುಳಿಗೆ ಫ್ಯಾನು, ಪಾತ್ರೆ, ಮಳೆ ಎಲ್ಲವೂ ಅಬ್ಬರವೇ. ಅದಕ್ಕೇ ಬೇಗ ಆರಂಭಿಸಿ, ವಾರಗಟ್ಟಲೆ ಅಭ್ಯಾಸ ಮಾಡಿ, ಶ್ರವಣತಜ್ಞರಿಂದ ಮತ್ತೆ ಮತ್ತೆ ಹೊಂದಿಸಿಕೊಳ್ಳಬೇಕು. ಇದರಿಂದ ಆಗುವ ಲಾಭವನ್ನು ಉಬ್ಬಿಸಿ ಹೇಳುವುದೂ ಸಲ್ಲದು. 2023ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 70–84 ವಯಸ್ಸಿನ 977 ಜನರನ್ನು ಮೂರು ವರ್ಷ ಗಮನಿಸಿದಾಗ, ಒಟ್ಟಾರೆ ಗುಂಪಿನಲ್ಲಿ ಶ್ರವಣಸಾಧನದಿಂದ ಬುದ್ಧಿಶಕ್ತಿಯ ಇಳಿತ ತಗ್ಗಲಿಲ್ಲ. ಅಪಾಯ ಹೆಚ್ಚಿದ್ದವರಲ್ಲಿ ಮಾತ್ರ ಅದು ಶೇ. 48ರಷ್ಟು ನಿಧಾನಗೊಂಡಿತು. ಮನೆಯವರ ಪಾಲೂ ಇದೆ. ಹಿಂದಿನಿಂದ ಕೂಗುವುದಕ್ಕಿಂತ ಎದುರು ನಿಂತು, ಟಿವಿ ಆರಿಸಿ, ನಿಧಾನವಾಗಿ ಮಾತಾಡುವುದು ಹೆಚ್ಚು ಫಲ ಕೊಡುತ್ತದೆ. ಪರೀಕ್ಷೆಯೂ ಮನೆಮಾತಿನಲ್ಲೇ ಆಗಬೇಕು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡದ ಪದಪಟ್ಟಿಗಳನ್ನು ರೂಪಿಸಿದೆ. ನವಾಯತಿಯನ್ನೋ ಕೊಂಕಣಿಯನ್ನೋ ಆಡಿ ಬೆಳೆದ ಅಜ್ಜಿಗೆ ಕನ್ನಡದ ಪದ ತಪ್ಪಿದರೆ ಅದು ಕಿವಿಯ ತಪ್ಪಾಗಿರಬೇಕೆಂದಿಲ್ಲ.

ವಾಸಿಯಾಗದು ಎಂಬ ಮಾತು ಅತಿ ಹೆಚ್ಚು ಬಳಕೆಯಾಗುವುದು ಕಿವಿಮೊರೆತಕ್ಕೆ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಶ್ರವಣ ಸರಿಯಿದ್ದ 80 ಜನರನ್ನು ನಿಶ್ಶಬ್ದ ಕೋಣೆಯಲ್ಲಿ ಕೂರಿಸಿದಾಗ ಶೇ. 94 ಜನರಿಗೆ ಏನೋ ಒಂದು ಸದ್ದು ಕೇಳಿಸಿತು. ಹೊರಗಿನ ಸದ್ದು ಕಡಿಮೆಯಾದರೆ ಮಿದುಳು ತನ್ನೊಳಗಿನದನ್ನೇ ಕೇಳತೊಡಗುತ್ತದೆ. ಹಾಗಾಗಿ ಮೊರೆತ ಇದೆ ಎಂಬುದಷ್ಟೇ ಸಂಕಟವಲ್ಲ; ಅದಕ್ಕೆ ಭಯ, ನಿದ್ದೆಗೇಡು ಅಂಟಿಕೊಂಡಾಗ ಸಂಕಟ. ಸುಮಾರು ಏಳು ವಯಸ್ಕರಲ್ಲಿ ಒಬ್ಬರಿಗೆ ಇದರ ಅನುಭವವಿದ್ದರೂ ತೀವ್ರವಾಗಿ ನರಳುವವರು ಶೇ. 2ರಷ್ಟು ಮಾತ್ರ. ಆಲೋಚನೆ, ವರ್ತನೆಗಳನ್ನು ತಿದ್ದುವ ಮನೋಚಿಕಿತ್ಸೆ ಸದ್ದನ್ನು ಅಳಿಸುವುದಿಲ್ಲ, ಸಂಕಟವನ್ನು ತಗ್ಗಿಸುತ್ತದೆ. 2020ರ ಕಾಕ್ರೇನ್ ಪರಿಶೀಲನೆ 28 ಅಧ್ಯಯನಗಳನ್ನು ನೋಡಿ ಹೇಳಿದ್ದು ಇದನ್ನೇ. ಮನಸ್ಸಿನ ಚಿಕಿತ್ಸೆ ಎಂದರೆ ರೋಗ ಬರೀ ಭ್ರಮೆ ಎಂದಂತಾಯಿತಲ್ಲ ಎಂದು ಕೆಲವರು ನೊಂದುಕೊಳ್ಳುತ್ತಾರೆ. ಹಾಗಲ್ಲ, ಸದ್ದು ನಿಜ. ಅದನ್ನು ಅಪಾಯವೆಂದು ಓದುವ ಮಿದುಳಿನ ಅಭ್ಯಾಸವನ್ನು ಮಾತ್ರ ಬದಲಿಸಬಹುದು. ರಾತ್ರಿ ತೀರಾ ನಿಶ್ಶಬ್ದದಲ್ಲಿ ಮಲಗದೆ ಫ್ಯಾನಿನಂಥ ಮೆಲುಸದ್ದು ಇಟ್ಟುಕೊಳ್ಳುವುದೂ ಹಲವರಿಗೆ ನೆರವಾಗುತ್ತದೆ.

ಖರ್ಚಿನ ಆಕ್ಷೇಪ ನ್ಯಾಯವಾದದ್ದು. ಆದಾಯ ಕಡಿಮೆಯಿದ್ದವರಿಗೆ ಕೇಂದ್ರದ ಅಡಿಪ್ ಯೋಜನೆ 1981ರಿಂದ ಸಾಧನ ಒದಗಿಸುತ್ತಿದೆ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಯಲ್ಲಿ 60 ಡೆಸಿಬಲ್ ನಷ್ಟವಾಗುವವರೆಗೆ ಯಾರನ್ನೂ ಮಂದಶ್ರವಣದವರೆಂದು ಎಣಿಸುವುದಿಲ್ಲ. 45–50 ಡೆಸಿಬಲ್ ಕಳೆದುಕೊಂಡು ಸಂತೆಯಲ್ಲಿ, ಬ್ಯಾಂಕಿನಲ್ಲಿ ಮಾತು ತಪ್ಪಿಸಿಕೊಳ್ಳುವವರು ಆ ಗೆರೆಯ ಹೊರಗೇ ಉಳಿಯುತ್ತಾರೆ. ಆ ಗೆರೆ ಕೆಳಗಿಳಿಯಬೇಕು.

ಒಂದು ಬಾಧೆಗೆ ಮಾತ್ರ ಕಾಯುವ ಅವಕಾಶವೇ ಇಲ್ಲ. ಒಂದು ಕಿವಿ ಇದ್ದಕ್ಕಿದ್ದಂತೆ, ಮೂರು ದಿನಗಳೊಳಗೆ, ಮಂದವಾದರೆ ಅದು ಒಳಗಿವಿಯ ತುರ್ತು ಕಾಯಿಲೆಯಾಗಿರಬಹುದು. ಕಿವಿ ಕಟ್ಟಿದಂತೆಯೇ ಅನಿಸುವುದರಿಂದ ಎಣ್ಣೆ ಬಿಟ್ಟು ಕಾಯುವವರೇ ಹೆಚ್ಚು. ಬಾಯಿ ಮುಚ್ಚಿ ಗುನುಗಿ ನೋಡಿ: ಸದ್ದು ಚೆನ್ನಾಗಿರುವ ಕಿವಿಯ ಕಡೆ ವಾಲಿದರೆ ಶಂಕೆ ಬಲವಾಗುತ್ತದೆ, ವಾಲದಿದ್ದರೂ ಪರೀಕ್ಷೆ ತಪ್ಪಿಸಬೇಡಿ. ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರಗಳೊಳಗೆ ಆರಂಭವಾದರೆ ಮಾತ್ರ ಹೆಚ್ಚಿನ ಭರವಸೆ. ಅದೇ ದಿನ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿ.