ಸೀನಿಗೂ ಸೂರ್ಯನಿಗೂ ಏನು ನಂಟು?

ಮೂಗಿನ ಅಲರ್ಜಿಯಿಂದ ಸದಾ ಸೀನುವ ಮಕ್ಕಳು ನಿಮ್ಮ ತರಗತಿಯಲ್ಲೂ ಇರಬಹುದು. ಅಂಥವರ ರಕ್ತದಲ್ಲಿ ವಿಟಮಿನ್ ‘ಡಿ’ ಕಡಿಮೆಯೇ? ಸಾಕಷ್ಟು ಬಿಸಿಲು ಬೀಳದಿರುವುದೇ ಅಲರ್ಜಿಗೆ ಕಾರಣವೇ? ವೈದ್ಯ ವಿಜ್ಞಾನಿಗಳು ಇಂದು ಈ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಸ್ವಾರಸ್ಯವೆಂದರೆ, ಇನ್ನೂರು ವರ್ಷಗಳ ಹಿಂದೆ ಆರೋಪ ಇದಕ್ಕೆ ತದ್ವಿರುದ್ಧವಾಗಿತ್ತು!

1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೋಸ್ಟಾಕ್ ತಮ್ಮದೇ ಕಾಯಿಲೆಯನ್ನು ವೈದ್ಯರ ಸಂಘಕ್ಕೆ ವಿವರಿಸಿದರು. ಎಂಟನೆಯ ವಯಸ್ಸಿನಿಂದ ಪ್ರತಿ ಜೂನ್ ತಿಂಗಳಲ್ಲೂ ಅವರಿಗೆ ಕಣ್ಣುರಿ, ಸೀನು, ಉಬ್ಬಸ. ಬೇಸಗೆಯಲ್ಲಷ್ಟೇ ಬರುವುದರಿಂದ ಅದರ ಶಾಖವೇ ಕಾರಣವೆಂದು ಅವರು ಭಾವಿಸಿದರು.

ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿಗೂ ಇದೇ ತೊಂದರೆ. ಅವರು ಶಾಖ, ಬೆಳಕು, ಓಜೋನ್, ಪರಾಗ – ಒಂದೊಂದನ್ನೇ ತಮ್ಮ ಮೇಲೆ ಪರೀಕ್ಷಿಸಿಕೊಂಡರು. ಗೀರಿದ ಚರ್ಮಕ್ಕೆ ಹುಲ್ಲಿನ ಪರಾಗ ಹಚ್ಚಿದಾಗ ಅಲ್ಲಿ ಊತ, ತುರಿಕೆ ಉಂಟಾದವು. ಅಂಟು ಸವರಿದ ಗಾಜಿನ ಪಟ್ಟಿಗಳ ಮೇಲೆ ಬಿದ್ದ ಪರಾಗವನ್ನು ಅವರು ದಿನವೂ ಎಣಿಸಿದರು. ಪಟ್ಟಿಗಳನ್ನು ಗಾಳಿಪಟಕ್ಕೆ ಕಟ್ಟಿ ಮೇಲಕ್ಕೂ ಹಾರಿಸಿದರು. ಅಪರಾಧಿ ಬಿಸಿಲಲ್ಲ, ಆ ಕಾಲದಲ್ಲಿ ಹೂಬಿಡುವ ಹುಲ್ಲಿನ ಪರಾಗವೆಂದು 1873ರ ತಮ್ಮ ಪುಸ್ತಕದಲ್ಲಿ ತೋರಿಸಿದರು.

ಹೊಗೆ ಮುಸುಕಿದ ಕೈಗಾರಿಕಾ ನಗರಗಳಲ್ಲಿ ಆಗ ಇನ್ನೊಂದು ಕಾಯಿಲೆಯೂ ಇತ್ತು – ಮಕ್ಕಳ ಮೂಳೆಗಳನ್ನು ಬಾಗಿಸುವ ರಿಕೆಟ್ಸ್. 1919ರಲ್ಲಿ ಎಡ್ವರ್ಡ್ ಮೆಲನ್‌ಬಿ, ನಾಯಿಮರಿಗಳ ರಿಕೆಟ್ಸ್ ಕಾಡ್ ಮೀನಿನ ಯಕೃತ್ತಿನ ಎಣ್ಣೆಯಿಂದ ವಾಸಿಯಾಗುವುದನ್ನು ಕಂಡರು. ಆ ಎಣ್ಣೆಯಲ್ಲಿ ವಿಟಮಿನ್ ‘ಎ’ ಇದ್ದುದರಿಂದ ಗೌರವ ಅದಕ್ಕೇ ಸಂದಿತು. ಅದೇ ವರ್ಷ ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್‌ಸ್ಕಿ, ಪಾದರಸ ದೀಪದ ಅತಿನೇರಿಳೆ ಕಿರಣಗಳಿಂದಲೂ ಈ ರೋಗ ಗುಣವಾಗುವುದೆಂದು ತೋರಿಸಿದರು. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ತಂಡ ಎಣ್ಣೆಯನ್ನು ಕಾಯಿಸಿ, ಗಾಳಿ ಹಾಯಿಸಿ, ಅದರಲ್ಲಿದ್ದ ‘ಎ’ಯನ್ನು ನಾಶಮಾಡಿತು. ಆದರೂ ಎಣ್ಣೆ ರಿಕೆಟ್ಸನ್ನು ಗುಣಪಡಿಸಿತು! ಹೀಗೆ ಬೇರ್ಪಟ್ಟ ಅಂಶವೇ ವಿಟಮಿನ್ ‘ಡಿ’.

ಮುಂದೆ ರೋಗನಿರೋಧಕ ಕೋಶಗಳಲ್ಲೂ ಇದರ ಗ್ರಾಹಕಗಳು ಪತ್ತೆಯಾದವು. ಅಲರ್ಜಿಯೊಂದಿಗೆ ಇದನ್ನು ಜೋಡಿಸಿ ನೋಡುವುದಕ್ಕೆ ಇದೊಂದು ಮುಖ್ಯ ಆಧಾರ. ಕೆಲವು ಅಧ್ಯಯನಗಳು ಮೂಗಿನ ಅಲರ್ಜಿಯ ಮಕ್ಕಳಲ್ಲಿ ‘ಡಿ’ ಕಡಿಮೆ ಇರುವುದನ್ನು ಕಂಡಿವೆ, ಕೆಲವು ಕಂಡಿಲ್ಲ. ಕಡಿಮೆ ಇದ್ದರೂ ಯಾವುದು ಕಾರಣ, ಯಾವುದು ಪರಿಣಾಮ? ಧೂಳು, ಪರಾಗಕ್ಕೆ ಹೆದರಿ ಮನೆಯೊಳಗೇ ಉಳಿವ ಮಗುವಿಗೆ ಬಿಸಿಲೂ ಕಡಿಮೆಯಲ್ಲವೇ? ಒಂದು ಗುಂಪಿಗೆ ವಿಟಮಿನ್, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟು ಹೋಲಿಸಿದರಷ್ಟೇ ಉತ್ತರ ಸಿಕ್ಕೀತು. ಇಂಥ ಪ್ರಯೋಗಗಳ ಫಲಿತಾಂಶಗಳಲ್ಲಿ ಇನ್ನೂ ಒಮ್ಮತವಿಲ್ಲ.

ಹಾಗೆಂದು ‘ಡಿ’ ಕೊರತೆಯನ್ನು ಕಡೆಗಣಿಸುವಂತಿಲ್ಲ; ಮಕ್ಕಳ ಮೂಳೆಗೆ ಅದು ಬೇಕೇ ಬೇಕು. ಆದರೆ ಸೀನು ನಿಲ್ಲಲೆಂದು ವೈದ್ಯರನ್ನು ಕೇಳದೆ ಮಾತ್ರೆ ನುಂಗಿಸುವುದು ಅಪಾಯ. ಕೊಬ್ಬಿನಲ್ಲಿ ಕರಗುವ ಈ ವಿಟಮಿನ್ ಅತಿಯಾದರೆ ದೇಹದಲ್ಲೇ ಉಳಿದು, ರಕ್ತದ ಕ್ಯಾಲ್ಸಿಯಂ ಏರಿಸಿ, ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು.

ಎರಡು ಸಂಗತಿಗಳು ಒಟ್ಟಿಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಬೋಸ್ಟಾಕರ ತೀರ್ಮಾನವನ್ನು ಪರೀಕ್ಷಿಸಲು ನೀವಾದರೆ ಯಾವ ಪ್ರಯೋಗ ಹೂಡುತ್ತಿದ್ದಿರಿ? ತರಗತಿಯಲ್ಲಿ ಚರ್ಚಿಸಿ ನೋಡಿ.