ಪಾರ್ಶ್ವವಾಯುವಿನ ನಂತರ ಸ್ಪರ್ಶಕ್ಕೆ ಆಸ್ಟ್ರೋಸೈಟ್‌ಗಳ ಸ್ಪಂದನ: ಕಾಲಮಿತಿ ಕುರಿತ ಒಂದು ಟಿಪ್ಪಣಿ

1. ವ್ಯಾಪ್ತಿ

ಲಕ್ವ ಹೊಡೆದವರ ಕೈಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವ ವಾಡಿಕೆ ನಮ್ಮ ಹಳ್ಳಿಗಳಲ್ಲಿದೆ. ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ ಕಡೆಯೂ ಇದು ಹೊಸದಲ್ಲ. ಅದರ ಗುಣಾವಗುಣ ಇಲ್ಲಿನ ವಿಷಯವಲ್ಲ. ಸ್ಪರ್ಶದ ಸಂಕೇತ ಮಿದುಳಿನ ಪೋಷಕ ಕೋಶಗಳಾದ ಆಸ್ಟ್ರೋಸೈಟ್‌ಗಳನ್ನು ಮುಟ್ಟುತ್ತದೆಯೇ ಎಂಬುದಷ್ಟೇ ಪ್ರಶ್ನೆ. ನೇರ ಪುರಾವೆ ಬಹುಪಾಲು ಪ್ರಾಣಿಗಳದ್ದು.

2. ಗಾಸಿಯಿಲ್ಲದ ಮಿದುಳು

ಸುಂಡಿಲಿಯ ಮೀಸೆಗೂದಲನ್ನು ಅಲುಗಿಸಿದಾಗ ಆಸ್ಟ್ರೋಸೈಟ್‌ಗಳಲ್ಲಿ ಕ್ಯಾಲ್ಸಿಯಂ ಏರುವುದನ್ನು ಮೈಕೆನ್ ನೆಡರ್ಗಾರ್ಡ್ ತಂಡ 2006ರಲ್ಲಿ ವರದಿ ಮಾಡಿತು. ವೇಗದ ಬಗ್ಗೆ ವರದಿಗಳು ಹೊಂದುವುದಿಲ್ಲ. ವಿನ್‌ಶಿಪ್ ಮತ್ತು ಮರ್ಫಿ (2007) ಕಂಡಂತೆ ಸಣ್ಣ ಪಾಲು ಕೋಶಗಳು ನರಕೋಶಗಳಷ್ಟೇ ಬೇಗ ಸ್ಪಂದಿಸುತ್ತವೆ; ಮೃಗಾಂಕ ಸುರ್ ತಂಡ (2008) ಫೆರೆಟ್‌ನ ದೃಷ್ಟಿ ಭಾಗದಲ್ಲಿ 3–4 ಸೆಕೆಂಡು ವಿಳಂಬ ಕಂಡಿತು. ಪ್ರಾಣಿಯೂ ಮಿದುಳಿನ ಭಾಗವೂ ಬೇರೆ. ಅರಿವಳಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು: ಐಸೋಫ್ಲುರೇನ್ ಹೆಚ್ಚಿದಂತೆ ಆಸ್ಟ್ರೋಸೈಟ್ ಸ್ಪಂದನ ಕುಗ್ಗುತ್ತದೆಂದು 2008ರ ವರದಿಯೇ ಹೇಳುತ್ತದೆ.

3. ಗಾಸಿಯ ನಂತರ

ಬೆಳಕಿನಿಂದ ರಕ್ತ ಹೆಪ್ಪುಗಟ್ಟಿಸಿದ ಸುಂಡಿಲಿಗಳಲ್ಲಿ ಕ್ಯಾಲ್ಸಿಯಂ ಏರಿಳಿತ ಹೆಚ್ಚಿದ್ದನ್ನು ಡಿಂಗ್ ತಂಡ 2009ರಲ್ಲಿ ದಾಖಲಿಸಿತು. ಇದನ್ನು ಸ್ಪರ್ಶದ ಉತ್ತರವೆಂದು ಉಲ್ಲೇಖಿಸುವುದು ಸರಿಯಲ್ಲ. ಅಲ್ಲಿ ಪ್ರಚೋದನೆ ರಕ್ತದ ಕೊರತೆಯೇ.

4. ಅಸಂಗತಿ

ರಾನ್ ಫ್ರಾಸ್ಟಿಗ್ ತಂಡ (2010) ಇಲಿಯ ಮಧ್ಯ ಮಿದುಳು ಧಮನಿಯನ್ನು ಶಾಶ್ವತವಾಗಿ ಮುಚ್ಚಿ, ಒಂದೇ ಮೀಸೆಗೂದಲನ್ನು ಬಿಟ್ಟುಬಿಟ್ಟು ಅಲುಗಿಸಿತು. 1 ಗಂಟೆಯೊಳಗೆ ಆರಂಭಿಸಿದಾಗ ರಕ್ಷಣೆ ಪೂರ್ಣ. 2 ಗಂಟೆಗೆ ಬಹುತೇಕ ಪ್ರಾಣಿಗಳಲ್ಲಿ. 3 ಗಂಟೆಗೆ ಇಲ್ಲ. ಆ ವರದಿಯ ಶೀರ್ಷಿಕೆಯಲ್ಲಿರುವ ‘ಪೂರ್ಣ’ವನ್ನು ಈ ಮಿತಿಯೊಂದಿಗೇ ಓದಬೇಕು. ಇದಕ್ಕೆ ಎದುರಾಗಿ 2015ರಲ್ಲಿ ಫಾನ್ ಬೋರ್ನ್‌ಸ್ಟೆಡ್ ಮತ್ತಿತರರು, ಗಾಸಿಯ ಅಂಚಿನ ಭಾಗವನ್ನು ಸ್ಪರ್ಶ ಕೆರಳಿಸಿದರೆ ಹಾನಿಕಾರಕ ವಿದ್ಯುತ್ ಅಲೆಗಳು ಏಳಬಹುದೆಂದು ತೋರಿಸಿದರು: ಆಮ್ಲಜನಕದ ಬೇಡಿಕೆ ಪೂರೈಕೆಯನ್ನು ಮೀರುತ್ತದೆ. ಎರಡರಲ್ಲೂ ಮುಖ್ಯ ಅಳತೆ ಆಸ್ಟ್ರೋಸೈಟ್‌ಗಳದ್ದಲ್ಲ. ಪೊಟ್ಯಾಸಿಯಂ, ಗ್ಲುಟಮೇಟ್‌ಗಳನ್ನು ತೆರವು ಮಾಡುವ ಅವುಗಳ ಸಾಮರ್ಥ್ಯ ಎಷ್ಟು ಉಳಿದಿತ್ತೆಂಬುದರ ಮೇಲೆ ಫಲಿತಾಂಶ ನಿಂತಿರಬಹುದು. ಸದ್ಯಕ್ಕೆ ಇದು ಊಹೆ.

5. ಮನುಷ್ಯರಿಗೆ ಅನ್ವಯ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಮರಣೋತ್ತರ ಅಂಗಾಂಶದಲ್ಲಿ ಆಸ್ಟ್ರೋಸೈಟ್‌ಗಳ ಗಾಯದ ಕಲೆಯನ್ನು ನೋಡಬಹುದು, ಕ್ಷಣಿಕ ಕ್ಯಾಲ್ಸಿಯಂ ಏರಿಕೆಯನ್ನಲ್ಲ. ಇಲಿಯ 2 ಗಂಟೆಯನ್ನು ಆಲ್ಟೆಪ್ಲೇಸ್ ಚುಚ್ಚುಮದ್ದಿನ 4.5 ಗಂಟೆಯ ಪಕ್ಕದಲ್ಲಿಡುವುದೂ ಸಲ್ಲದು: ಮದ್ದು ಮುಚ್ಚಿದ ರಕ್ತನಾಳವನ್ನು ತೆರೆಯಲೆಂದು ಕೊಡುವುದು, ಇಲಿಯಲ್ಲಿ ಆ ನಾಳ ಕೊನೆಯವರೆಗೂ ಮುಚ್ಚಿಯೇ ಇತ್ತು.