ಸದಸ್ಯರಿಗೆ ಮಾತ್ರ ಈ ಬೆಲೆ: ಅಮೆರಿಕದಲ್ಲಿ ಕ್ಲಬ್ ಮೂಲಕ ಹೊಸ ಕಾರು ಖರೀದಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಕಾಸ್ಟ್‌ಕೊ ಎಂಬ ಹೆಸರು ಹೊಸದಲ್ಲ. ಅಕ್ಕಿಯ ಮೂಟೆ, ಅಡುಗೆ ಎಣ್ಣೆ, ವಾರಕ್ಕೆ ಸಾಲುವಷ್ಟು ಹಾಲು, ತರಕಾರಿಗಳನ್ನು ಸಗಟು ದರದಲ್ಲಿ ಕೊಳ್ಳಲು ಅವರು ಹೋಗುವ ಸದಸ್ಯರ ಮಳಿಗೆ ಅದು. ಅದೇ ಸದಸ್ಯತ್ವದ ಕಾರ್ಡು ಹೊಸ ಕಾರು ಖರೀದಿಗೂ ನೆರವಾಗುತ್ತದೆ ಎಂಬುದು ಹೊಸದಾಗಿ ಹೋದ ಹಲವರಿಗೆ ತಡವಾಗಿ ತಿಳಿಯುತ್ತದೆ. ಉದ್ಯೋಗ ಅಥವಾ ವ್ಯಾಸಂಗಕ್ಕಾಗಿ ಕರ್ನಾಟಕದಿಂದ ತೆರಳುವವರಿಗೆ ಮನೆ ಬಾಡಿಗೆಯ ನಂತರ ಎದುರಾಗುವ ಮೊದಲ ದೊಡ್ಡ ವೆಚ್ಚ ಕಾರಿನದು. ಸಾವಿರಾರು ಡಾಲರ್‌ಗಳ ಈ ವ್ಯವಹಾರದಲ್ಲಿ ಕ್ಲಬ್ ಸದಸ್ಯತ್ವ ಏನನ್ನು ಉಳಿಸಿಕೊಡುತ್ತದೆ, ಏನನ್ನು ಉಳಿಸಿಕೊಡುವುದಿಲ್ಲ ಎಂಬುದನ್ನು ಷೋರೂಮಿಗೆ ಹೋಗುವ ಮೊದಲೇ ಅರಿತಿರುವುದು ಒಳಿತು.

ಚೌಕಾಶಿಯೇ ಪದ್ಧತಿ

ಅಮೆರಿಕದಲ್ಲಿ ಹೊಸ ಕಾರನ್ನು ಬಹುಪಾಲು ಮಾರುವವರು ತಯಾರಕ ಕಂಪನಿಗಳಲ್ಲ, ಸ್ವತಂತ್ರ ಡೀಲರ್‌ಗಳು. ಡೀಲರ್‌ಗಳ ಹಿತವನ್ನು ಕಾಯುವ ಕಾನೂನುಗಳು ಪ್ರತಿಯೊಂದು ರಾಜ್ಯದಲ್ಲೂ ಇವೆ. ಈಗಾಗಲೇ ಡೀಲರ್ ಜಾಲ ಹೊಂದಿರುವ ಕಂಪನಿಯು ಅವರನ್ನು ಬದಿಗೊತ್ತಿ ಗ್ರಾಹಕನಿಗೆ ನೇರವಾಗಿ ಮಾರುವುದನ್ನು ಈ ಕಾನೂನುಗಳು ಬಹುತೇಕ ತಡೆಯುತ್ತವೆ. ಡೀಲರ್ ಜಾಲವನ್ನೇ ಕಟ್ಟದ ಟೆಸ್ಲಾ ಕಂಪನಿ ಈ ಪದ್ಧತಿಯಿಂದ ಹೊರಗಿರುವ ಪ್ರಮುಖ ಉದಾಹರಣೆ.

ಹೊಸ ಕಾರಿನ ಗಾಜಿನ ಮೇಲೆ ಬೆಲೆಯ ಚೀಟಿ ಅಂಟಿಸಿರಬೇಕೆಂದು 1958ರ ಕೇಂದ್ರ ಕಾಯಿದೆ ಕಡ್ಡಾಯಗೊಳಿಸಿತು. ಆ ಕಾಯಿದೆಗೆ ಕಾರಣರಾದ ಒಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ ಅವರ ಹೆಸರಿನಿಂದಲೇ ಅದನ್ನು ಮನ್ರೋನಿ ಚೀಟಿ ಎಂದು ಕರೆಯಲಾಗುತ್ತದೆ. ಆದರೆ ಅದರಲ್ಲಿರುವುದು ತಯಾರಕರು ಸೂಚಿಸಿದ ಬೆಲೆ ಮಾತ್ರ. ಡೀಲರ್ ಅದಕ್ಕಿಂತ ಕಡಿಮೆಗೂ ಮಾರಬಹುದು, ಹೆಚ್ಚಿಗೂ ಮಾರಬಹುದು. ಸೆಮಿಕಂಡಕ್ಟರ್ ಚಿಪ್‌ಗಳ ಕೊರತೆಯಿಂದ ಕಾರುಗಳ ಅಭಾವ ಉಂಟಾದ 2021 ಮತ್ತು 2022ರಲ್ಲಿ ಅನೇಕ ಡೀಲರ್‌ಗಳು ಚೀಟಿಯ ಬೆಲೆಯ ಮೇಲೆ ಸಾವಿರಾರು ಡಾಲರ್ ಹೆಚ್ಚುವರಿಯಾಗಿ ಪಡೆದರು.

ಹೀಗಾಗಿ ಒಂದೇ ಷೋರೂಮಿನಲ್ಲಿ, ಒಂದೇ ದಿನ, ಒಂದೇ ಮಾದರಿಯ ಕಾರನ್ನು ಇಬ್ಬರು ಬೇರೆ ಬೇರೆ ಬೆಲೆಗೆ ಕೊಳ್ಳುವುದು ಅಲ್ಲಿ ಅಚ್ಚರಿಯ ಸಂಗತಿಯಲ್ಲ. ಚೌಕಾಶಿ ಬಲ್ಲವನಿಗೆ ಲಾಭ. ಸಂಕೋಚದವನಿಗೂ ಊರಿಗೆ ಹೊಸಬನಿಗೂ ನಷ್ಟ. ಕ್ಲಬ್ ಯೋಜನೆಗಳು ಹುಟ್ಟಿಕೊಂಡಿದ್ದು ಈ ಅಂತರದಲ್ಲಿಯೇ.

ಕ್ಲಬ್ ಕಾರು ಮಾರುವುದಿಲ್ಲ

ಸದಸ್ಯತ್ವ ಶುಲ್ಕ ಪಡೆದು ಕಡಿಮೆ ಲಾಭಕ್ಕೆ ಸರಕು ಮಾರುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಸಾಲ್ ಪ್ರೈಸ್. ಅವರು 1976ರಲ್ಲಿ ಸ್ಯಾನ್ ಡಿಯೇಗೊ ನಗರದಲ್ಲಿ ಪ್ರೈಸ್ ಕ್ಲಬ್ ಆರಂಭಿಸಿದರು. ಅದೇ ಮಾದರಿಯಲ್ಲಿ ಜೇಮ್ಸ್ ಸಿನೆಗಲ್ ಮತ್ತು ಜೆಫ್ರಿ ಬ್ರಾಟ್‌ಮನ್ 1983ರಲ್ಲಿ ಸಿಯಾಟಲ್‌ನಲ್ಲಿ ಕಾಸ್ಟ್‌ಕೊ ಮಳಿಗೆ ತೆರೆದರು. 1993ರಲ್ಲಿ ಎರಡೂ ಸಂಸ್ಥೆಗಳು ವಿಲೀನಗೊಂಡವು. ಕಾಸ್ಟ್‌ಕೊದ ಸಾಮಾನ್ಯ ಸದಸ್ಯತ್ವದ ವಾರ್ಷಿಕ ಶುಲ್ಕ 2024ರ ಸೆಪ್ಟೆಂಬರ್ 1ರಂದು 60 ಡಾಲರ್‌ನಿಂದ 65 ಡಾಲರ್‌ಗೆ ಏರಿತು.

ಅಕ್ಕಿ, ಎಣ್ಣೆಯನ್ನು ಕಾಸ್ಟ್‌ಕೊ ತಾನೇ ಕೊಂಡು ತಾನೇ ಮಾರುತ್ತದೆ. ಕಾರಿನ ವಿಷಯ ಹಾಗಲ್ಲ. ಇಲ್ಲಿ ಅದು ಕಾರನ್ನು ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ಯೋಜನೆಯನ್ನು ನಡೆಸುವುದು ಅಫಿನಿಟಿ ಎಂಬ ಪ್ರತ್ಯೇಕ ಸಂಸ್ಥೆ. ಅದು ಆಯಾ ಪ್ರದೇಶದ ಡೀಲರ್‌ಗಳೊಡನೆ ಮಾತುಕತೆ ನಡೆಸಿ, ಸದಸ್ಯರಿಗೆ ಯಾವ ಮಾದರಿಯನ್ನು ಯಾವ ದರದಲ್ಲಿ ಕೊಡಬೇಕೆಂಬುದನ್ನು ಮೊದಲೇ ಗೊತ್ತುಪಡಿಸುತ್ತದೆ. ಸದಸ್ಯನು ಇದಕ್ಕಾಗಿ ಪ್ರತ್ಯೇಕ ಶುಲ್ಕ ತೆರಬೇಕಿಲ್ಲ. ಯೋಜನೆಯಲ್ಲಿ ಸೇರಿರುವುದಕ್ಕಾಗಿ ಹಣ ತೆರುವವರು ಡೀಲರ್‌ಗಳು. ಗ್ರಾಹಕರು ತಾವಾಗಿಯೇ ಬಾಗಿಲಿಗೆ ಬರುವುದರಿಂದ ಜಾಹೀರಾತಿನ ವೆಚ್ಚದಲ್ಲಿ ಒಂದು ಪಾಲನ್ನು ಹೀಗೆ ವ್ಯಯಿಸಲು ಅವರು ಒಪ್ಪುತ್ತಾರೆ.

ಕಾಸ್ಟ್‌ಕೊ ಒಂದೇ ಈ ಸೇವೆ ನೀಡುತ್ತಿಲ್ಲ. 1902ರಲ್ಲಿ ಸ್ಥಾಪನೆಯಾದ ವಾಹನ ಚಾಲಕರ ಸಂಘ ಎಎಎ, ಅನೇಕ ಕ್ರೆಡಿಟ್ ಯೂನಿಯನ್‌ಗಳು ಅರ್ಥಾತ್ ಅಲ್ಲಿನ ಸಹಕಾರಿ ಬ್ಯಾಂಕುಗಳು ಕೂಡ ತಮ್ಮ ಸದಸ್ಯರಿಗೆ ಇಂತಹ ಯೋಜನೆಗಳನ್ನು ಒದಗಿಸುತ್ತವೆ. ಇಂತಹ ಕೆಲವು ಯೋಜನೆಗಳ ಹಿಂದೆ 2005ರಲ್ಲಿ ಆರಂಭವಾದ ಟ್ರೂಕಾರ್ ಕಂಪನಿಯ ವ್ಯವಸ್ಥೆ ಇದೆ. ಯೋಜನೆಗಳು ಸ್ಥಗಿತಗೊಳ್ಳುವುದೂ ಉಂಟು. ಸೇನಾ ಸಿಬ್ಬಂದಿ ಮತ್ತು ಅವರ ಕುಟುಂಬಗಳಿಗೆ ಸೇವೆ ನೀಡುವ ಯುಎಸ್‌ಎಎ ಸಂಸ್ಥೆ 2020ರಲ್ಲಿ ತನ್ನ ಕಾರು ಖರೀದಿ ಸೇವೆಯನ್ನು ನಿಲ್ಲಿಸಿತು.

ಖರೀದಿಯ ಕ್ರಮ

ಸದಸ್ಯನು ಮೊದಲು ತನಗೆ ಬೇಕಾದ ಕಂಪನಿ, ಮಾದರಿ ಮತ್ತು ಸದಸ್ಯತ್ವ ಸಂಖ್ಯೆಯನ್ನು ಯೋಜನೆಯಲ್ಲಿ ನೋಂದಾಯಿಸುತ್ತಾನೆ. ಸಮೀಪದ ಒಬ್ಬ ಡೀಲರ್ ಹೆಸರು ಮತ್ತು ಅಲ್ಲಿ ಈ ಯೋಜನೆಗೆ ನಿಯುಕ್ತನಾದ ಸಿಬ್ಬಂದಿಯ ಹೆಸರು ಅವನಿಗೆ ದೊರೆಯುತ್ತದೆ. ವ್ಯವಹಾರ ನಡೆಯಬೇಕಾದುದು ಆ ನಿಯುಕ್ತ ಸಿಬ್ಬಂದಿಯೊಡನೆಯೇ. ನೋಂದಾಯಿಸದೆ ನೇರವಾಗಿ ಷೋರೂಮಿಗೆ ಹೋಗಿ, ಎದುರಾದ ಮಾರಾಟಗಾರನಿಗೆ ಕಾರ್ಡು ತೋರಿಸಿದರೆ ನಿಗದಿತ ದರ ದೊರೆಯದೆ ಹೋಗಬಹುದು.

ಸದಸ್ಯರ ದರ ಸಾರ್ವಜನಿಕವಾಗಿ ಪ್ರಕಟವಾಗುವುದಿಲ್ಲ. ಡೀಲರ್ ಬಳಿ ಸದಸ್ಯರಿಗೆಂದೇ ಸಿದ್ಧಪಡಿಸಿದ ಬೆಲೆಪಟ್ಟಿ ಇರುತ್ತದೆ. ಅದನ್ನು ಕಣ್ಣಾರೆ ನೋಡುವುದು ಖರೀದಿದಾರನ ಹಕ್ಕು. ಪಟ್ಟಿ ತೋರಿಸದೆ ಬಾಯಿಮಾತಿನಲ್ಲಿ ಬೆಲೆ ಹೇಳುವ ಡೀಲರ್ ಬಗ್ಗೆ ಯೋಜನೆಗೆ ದೂರು ನೀಡಬಹುದು. ಸದಸ್ಯರ ದೂರಿಗೆ ಯೋಜನೆಯವರು ಉತ್ತರದಾಯಿಗಳಾಗಿರುವುದು ಕ್ಲಬ್ ಮೂಲಕ ಹೋಗುವುದರ ಒಂದು ದೊಡ್ಡ ಅನುಕೂಲ. ಇದಲ್ಲದೆ, ಕೆಲವು ಕಾಲಾವಧಿಗಳಲ್ಲಿ ಜನರಲ್ ಮೋಟರ್ಸ್, ವೋಲ್ವೊದಂತಹ ಕಂಪನಿಗಳು ಕಾಸ್ಟ್‌ಕೊ ಸದಸ್ಯರಿಗೆಂದೇ ವಿಶೇಷ ರಿಯಾಯಿತಿಗಳನ್ನು ಪ್ರಕಟಿಸಿದ್ದುಂಟು. ಇಂತಹ ಕೊಡುಗೆಗಳಲ್ಲಿ ನಿರ್ದಿಷ್ಟ ದಿನಾಂಕಕ್ಕೆ ಮೊದಲೇ ಸದಸ್ಯನಾಗಿರಬೇಕೆಂಬ ನಿಬಂಧನೆ ಇರುವುದು ಸಾಮಾನ್ಯ.

ನಿಗದಿಯಾಗುವುದು ಒಂದು ಸಾಲು ಮಾತ್ರ

ಖರೀದಿದಾರರು ಮುಖ್ಯವಾಗಿ ಗಮನಿಸಬೇಕಾದ ಅಂಶ ಇಲ್ಲಿದೆ. ಕ್ಲಬ್ ನಿಗದಿಪಡಿಸುವುದು ಕಾರಿನ ಬೆಲೆಯನ್ನು ಮಾತ್ರ. ಅಂತಿಮ ಬಿಲ್ಲಿನಲ್ಲಿ ಅದು ಒಂದು ಸಾಲು. ಉಳಿದ ಸಾಲುಗಳು ಡೀಲರ್ ಮತ್ತು ಗ್ರಾಹಕನ ನಡುವಿನ ವಿಷಯ. ಕಾರಿನ ಬೆಲೆಯಲ್ಲಿ ಬಿಟ್ಟುಕೊಟ್ಟ ಹಣವನ್ನು ಡೀಲರ್ ಅಲ್ಲಿ ಮರಳಿ ಪಡೆಯಲು ಅವಕಾಶವಿದೆ.

ಮೊದಲನೆಯದು ದಾಖಲೆಪತ್ರಗಳ ಶುಲ್ಕ. ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೆ 85 ಡಾಲರ್ ಮಿತಿ ವಿಧಿಸಿದೆ. ಮಿತಿಯನ್ನು ಹೆಚ್ಚಿಸುವ ಮಸೂದೆಯನ್ನು 2025ರಲ್ಲಿ ಅಲ್ಲಿನ ಗವರ್ನರ್ ತಿರಸ್ಕರಿಸಿದರು. ಫ್ಲಾರಿಡಾದಂತಹ ರಾಜ್ಯಗಳಲ್ಲಿ ಮಿತಿಯೇ ಇಲ್ಲದಿರುವುದರಿಂದ ಈ ಒಂದು ಶುಲ್ಕವೇ ನೂರಾರು ಡಾಲರ್ ಆಗುತ್ತದೆ.

ಎರಡನೆಯದು ಹೆಚ್ಚುವರಿ ಸರಕು ಮತ್ತು ಸೇವೆಗಳು. ಬಣ್ಣದ ರಕ್ಷಣೆಯ ಲೇಪನ, ಆಸನದ ಬಟ್ಟೆಗೆ ರಾಸಾಯನಿಕ ಸಿಂಪಡಣೆ, ಟೈರಿಗೆ ತುಂಬುವ ನೈಟ್ರೋಜನ್, ವಾರಂಟಿಯ ವಿಸ್ತರಣೆ ಮುಂತಾದವು ಈ ಪಟ್ಟಿಯಲ್ಲಿವೆ. ಬೆಲೆ ಗೊತ್ತಾದ ನಂತರ ಸಹಿಗೆಂದು ಕರೆದೊಯ್ಯುವ ಹಣಕಾಸು ಕೊಠಡಿಯಲ್ಲಿ ಇವು ಒಂದೊಂದಾಗಿ ಮುಂದೆ ಬರುತ್ತವೆ. ಬೇಡವೆನ್ನಲು ಯಾವ ಅಡ್ಡಿಯೂ ಇಲ್ಲ.

ಮೂರನೆಯದು ಹಳೆಯ ಕಾರಿನ ವಿನಿಮಯ. ಹೊಸ ಕಾರಿಗೆ ಸದಸ್ಯರ ದರ ಕೊಟ್ಟು, ಹಳೆಯದಕ್ಕೆ ಕಡಿಮೆ ಬೆಲೆ ಕಟ್ಟಿದರೆ ಲೆಕ್ಕ ಸರಿಹೋಗುತ್ತದೆ. ಆದುದರಿಂದ ಹಳೆಯ ಕಾರಿಗೆ ಬೇರೆ ಕಡೆ ಬೆಲೆ ವಿಚಾರಿಸಿಕೊಂಡೇ ಹೋಗಬೇಕು. ಅನೇಕ ರಾಜ್ಯಗಳಲ್ಲಿ ವಿನಿಮಯದ ಮೊತ್ತವನ್ನು ಕಳೆದು ಉಳಿದ ಬೆಲೆಗೆ ಮಾತ್ರ ಮಾರಾಟ ತೆರಿಗೆ ಬೀಳುವುದರಿಂದ ಆ ಉಳಿತಾಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕ್ಯಾಲಿಫೋರ್ನಿಯಾದಲ್ಲಿ ಈ ಸೌಲಭ್ಯವಿಲ್ಲ.

ನಾಲ್ಕನೆಯದು ಮತ್ತು ಅತಿ ಮುಖ್ಯವಾದುದು ಸಾಲದ ಬಡ್ಡಿ. ಡೀಲರ್ ಮೂಲಕ ಸಾಲ ಪಡೆದಾಗ ಬ್ಯಾಂಕು ಹೇಳಿದ ಬಡ್ಡಿದರದ ಮೇಲೆ ಡೀಲರ್ ತನ್ನ ಪಾಲನ್ನು ಸೇರಿಸುವ ಪದ್ಧತಿ ಇದೆ. ಉದಾಹರಣೆಗೆ, 30,000 ಡಾಲರ್ ಸಾಲವನ್ನು 60 ತಿಂಗಳಲ್ಲಿ ತೀರಿಸುವುದಾದರೆ, ಶೇ 6ರ ಬಡ್ಡಿದರದಲ್ಲಿ ಮಾಸಿಕ ಕಂತು ಸುಮಾರು 580 ಡಾಲರ್. ಅದೇ ಸಾಲಕ್ಕೆ ಶೇ 8ರ ದರವಾದರೆ ಕಂತು ಸುಮಾರು 608 ಡಾಲರ್. ತಿಂಗಳಿಗೆ 28 ಡಾಲರ್‌ಗಳ ಈ ವ್ಯತ್ಯಾಸ ಐದು ವರ್ಷಗಳಲ್ಲಿ ಸುಮಾರು 1,700 ಡಾಲರ್ ಆಗುತ್ತದೆ. ಕ್ಲಬ್‌ನಿಂದ 1,500 ಡಾಲರ್ ಉಳಿಸಿದವನು ಅದನ್ನೂ ಕಳೆದುಕೊಂಡು ಮೇಲೆ 200 ಡಾಲರ್ ತೆತ್ತಂತಾಯಿತು.

ಭಾರತದಿಂದ ಹೊಸದಾಗಿ ಹೋದವರಿಗೆ ಈ ಅಪಾಯ ಹೆಚ್ಚು. ಅಮೆರಿಕದಲ್ಲಿ ಸಾಲ ಪಡೆದು ತೀರಿಸಿದ ಇತಿಹಾಸ ಅವರಿಗೆ ಇರುವುದಿಲ್ಲ. ಭಾರತದ ಬ್ಯಾಂಕಿನಲ್ಲಿ ಎಷ್ಟೇ ಒಳ್ಳೆಯ ದಾಖಲೆ ಇದ್ದರೂ ಅಲ್ಲಿ ಅದು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಪರಿಣಾಮವಾಗಿ ಬಡ್ಡಿದರ ಏರುತ್ತದೆ. ಷೋರೂಮಿಗೆ ಹೋಗುವ ಮೊದಲೇ ಬ್ಯಾಂಕು ಅಥವಾ ಕ್ರೆಡಿಟ್ ಯೂನಿಯನ್‌ನಿಂದ ಸಾಲದ ಪೂರ್ವಾನುಮತಿ ಪಡೆದಿದ್ದರೆ, ಡೀಲರ್ ಹೇಳುವ ದರವನ್ನು ಅದರೊಡನೆ ಹೋಲಿಸಲು ಸಾಧ್ಯ.

ಇದೇ ಅತಿ ಕಡಿಮೆ ಬೆಲೆಯೇ?

ಹಾಗೆಂದು ಹೇಳಲಾಗದು. ಸದಸ್ಯರ ದರವನ್ನು ಅನೇಕ ವೇಳೆ ಡೀಲರ್‌ಗೆ ಕಂಪನಿ ಕಳಿಸುವ ಇನ್‌ವಾಯ್ಸ್ ಬೆಲೆಯೊಡನೆ ಹೋಲಿಸಿ ತೋರಿಸಲಾಗುತ್ತದೆ. ಇನ್‌ವಾಯ್ಸ್ ಬೆಲೆಗೇ ಕಾರು ಸಿಕ್ಕಿತೆಂದು ಗ್ರಾಹಕ ಸಂತೋಷಪಡುವುದು ಸಹಜ. ಆದರೆ ಕಾರು ಮಾರಾಟವಾದ ನಂತರ ಬೆಲೆಯ ಒಂದು ಸಣ್ಣ ಪಾಲನ್ನು ಅನೇಕ ಕಂಪನಿಗಳು ಡೀಲರ್‌ಗೆ ಹಿಂತಿರುಗಿಸುತ್ತವೆ. ಮಾರಾಟದ ಗುರಿ ತಲುಪಿದರೆ ಬೋನಸ್ ಬೇರೆ. ಆದುದರಿಂದ ಇನ್‌ವಾಯ್ಸ್ ಬೆಲೆಗೆ ಮಾರಿದರೂ ಡೀಲರ್‌ಗೆ ನಷ್ಟವಿಲ್ಲ.

ತಿಂಗಳ ಕೊನೆಯ ದಿನಗಳಲ್ಲಿ, ಹೊಸ ವರ್ಷದ ಮಾದರಿ ಬಂದು ಹಳೆಯದು ಉಳಿದಿರುವಾಗ, ಮೂರು ನಾಲ್ಕು ಡೀಲರ್‌ಗಳಿಂದ ಲಿಖಿತ ದರ ಪಡೆದು ಪರಸ್ಪರ ಹೋಲಿಸುವವರಿಗೆ ಕ್ಲಬ್ ದರಕ್ಕಿಂತಲೂ ಕಡಿಮೆಗೆ ಕಾರು ದೊರೆಯುವುದುಂಟು. ಇದಕ್ಕೆ ವಿರುದ್ಧವಾಗಿ, ಬೇಡಿಕೆ ಹೆಚ್ಚಿರುವ ಅಥವಾ ಸೀಮಿತ ಸಂಖ್ಯೆಯಲ್ಲಿ ತಯಾರಾಗುವ ಮಾದರಿಗಳು ಯೋಜನೆಯ ಪಟ್ಟಿಯಲ್ಲಿಯೇ ಇಲ್ಲದಿರಬಹುದು. ಒಟ್ಟಿನಲ್ಲಿ, ಚೌಕಾಶಿಯ ಅಭ್ಯಾಸವಿಲ್ಲದವನು ಮೋಸಹೋಗದಂತೆ ಕಾಯುವ ದರವಿದು. ಚೌಕಾಶಿಯಲ್ಲಿ ಪಳಗಿದವನನ್ನು ಮೀರಿಸುವ ದರವಲ್ಲ.

ನಮ್ಮ ಕ್ಯಾಂಟೀನ್ ವ್ಯವಸ್ಥೆ ಬೇರೆ

ಭಾರತದ ಓದುಗರಿಗೆ ಇದನ್ನು ಕೇಳಿದಾಗ ಸೇನಾ ಕ್ಯಾಂಟೀನ್ ನೆನಪಾಗಬಹುದು. ಕೊಡಗಿನಂತೆ ಮಾಜಿ ಸೈನಿಕರು ಹೆಚ್ಚಿರುವ ಕಡೆಗಳಲ್ಲಿ ಕ್ಯಾಂಟೀನ್ ಮೂಲಕ ಕಾರು ಕೊಳ್ಳುವುದು ಪರಿಚಿತ ಸಂಗತಿ. ಆದರೆ ಎರಡರ ನಡುವೆ ಮೂಲಭೂತ ವ್ಯತ್ಯಾಸವಿದೆ. 1948ರಲ್ಲಿ ಆರಂಭವಾದ ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ರಕ್ಷಣಾ ಸಚಿವಾಲಯಕ್ಕೆ ಸೇರಿದೆ. ಅಲ್ಲಿನ ಉಳಿತಾಯದ ದೊಡ್ಡ ಭಾಗ ಬರುವುದು ಜಿಎಸ್‌ಟಿಯಲ್ಲಿ ದೊರೆಯುವ ಅರ್ಧದಷ್ಟು ರಿಯಾಯಿತಿಯಿಂದ. ಅಂದರೆ ಅಲ್ಲಿ ಬಿಟ್ಟುಕೊಡುವುದು ಸರ್ಕಾರ. ಅಮೆರಿಕದ ಕ್ಲಬ್‌ನಲ್ಲಿ ಬಿಟ್ಟುಕೊಡುವುದು ಡೀಲರ್. ಕ್ಯಾಂಟೀನಿನ ಅರ್ಹತೆ ಸೇವೆಯಿಂದ ಬರುತ್ತದೆ, ಕ್ಲಬ್‌ನ ಅರ್ಹತೆ ಶುಲ್ಕ ತೆತ್ತ ಯಾರಿಗೂ ಬರುತ್ತದೆ. ಕ್ಲಬ್ ದರದಲ್ಲಿ ಕೊಂಡರೂ ರಾಜ್ಯದ ಮಾರಾಟ ತೆರಿಗೆ, ನೋಂದಣಿ ವೆಚ್ಚಗಳಲ್ಲಿ ಕಾಸಿನ ರಿಯಾಯಿತಿಯೂ ಇಲ್ಲ.

ಸಹಿಗೆ ಮುನ್ನ

ಡೀಲರ್‌ಗಳ ಮರೆಮಾಚಿದ ಶುಲ್ಕಗಳಿಗೆ ಕಡಿವಾಣ ಹಾಕಲು ಫೆಡರಲ್ ಟ್ರೇಡ್ ಕಮಿಷನ್ 2023ರ ಡಿಸೆಂಬರ್‌ನಲ್ಲಿ ದೇಶವ್ಯಾಪಿ ನಿಯಮವೊಂದನ್ನು ಪ್ರಕಟಿಸಿತ್ತು. ಡೀಲರ್‌ಗಳ ಸಂಘಟನೆಗಳು ಅದನ್ನು ಪ್ರಶ್ನಿಸಿದವು. 2025ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನು ರದ್ದುಪಡಿಸಿತು. ಹೀಗಾಗಿ ಬಿಲ್ಲಿನ ಪ್ರತಿಯೊಂದು ಸಾಲನ್ನು ಓದುವ ಹೊಣೆ ಬಹುಮಟ್ಟಿಗೆ ಖರೀದಿದಾರನ ಮೇಲೆಯೇ ಉಳಿದಿದೆ.

ಈ ಹಿನ್ನೆಲೆಯಲ್ಲಿ ಮಾಡಬೇಕಾದುದು ಇಷ್ಟು: ಮಾದರಿಯನ್ನು ಮನೆಯಲ್ಲಿಯೇ ತೀರ್ಮಾನಿಸುವುದು, ಸಾಲದ ಪೂರ್ವಾನುಮತಿ ಪಡೆಯುವುದು, ಕ್ಲಬ್‌ನಲ್ಲಿ ನೋಂದಾಯಿಸಿ ಸದಸ್ಯರ ಬೆಲೆಪಟ್ಟಿ ನೋಡುವುದು, ತೆರಿಗೆ, ಶುಲ್ಕಗಳೆಲ್ಲವನ್ನೂ ಸೇರಿಸಿ ಕಾರು ಷೋರೂಮಿನ ಹೊರಗೆ ಬರುವಾಗ ತಗಲುವ ಒಟ್ಟು ಮೊತ್ತವನ್ನು ಬರಹದಲ್ಲಿ ಕೇಳುವುದು, ಅದೇ ರೀತಿಯ ಮೊತ್ತವನ್ನು ಇನ್ನಿಬ್ಬರು ಡೀಲರ್‌ಗಳಿಂದ ಪಡೆದು ಹೋಲಿಸುವುದು. ಮಾಸಿಕ ಕಂತು ಎಷ್ಟು ಎಂಬುದರ ಬದಲು ಒಟ್ಟು ಮೊತ್ತ ಎಷ್ಟು ಎಂಬುದರ ಮೇಲೆಯೇ ಮಾತುಕತೆ ನಡೆಯಬೇಕು.

ಹೊಸ ಕಾರನ್ನು ಮೂರು ದಿನಗಳೊಳಗೆ ಹಿಂತಿರುಗಿಸಬಹುದೆಂಬ ನಂಬಿಕೆ ಅನೇಕರಲ್ಲಿದೆ. ಅದು ತಪ್ಪು. ಮನೆ ಬಾಗಿಲಿಗೆ ಬಂದು ಮಾರುವ ವಸ್ತುಗಳಿಗೆ ಅನ್ವಯವಾಗುವ ಮೂರು ದಿನಗಳ ಕೇಂದ್ರ ನಿಯಮ ಡೀಲರ್ ಷೋರೂಮಿನಲ್ಲಿ ಕೊಂಡ ಕಾರಿಗೆ ಅನ್ವಯಿಸುವುದಿಲ್ಲ. ಸಹಿ ಹಾಕಿದ ಒಪ್ಪಂದವನ್ನು ಕ್ಲಬ್ ಕೂಡ ಬಿಡಿಸಿಕೊಡಲಾರದು. ಆದುದರಿಂದ ಹಣಕಾಸು ಕೊಠಡಿಯಲ್ಲಿ ಎಷ್ಟೇ ಅವಸರ ಮಾಡಿದರೂ, ಲಿಖಿತ ಮೊತ್ತಕ್ಕೂ ಮುಂದಿರುವ ಕಾಗದದ ಮೊತ್ತಕ್ಕೂ ಹೊಂದಾಣಿಕೆ ಇದೆಯೇ ಎಂದು ನೋಡಿದ ನಂತರವೇ ಸಹಿ ಹಾಕಬೇಕು. ಹೊಂದದಿದ್ದರೆ ಎದ್ದು ಬರುವ ಸ್ವಾತಂತ್ರ್ಯ ಸಹಿ ಹಾಕುವವರೆಗೂ ಖರೀದಿದಾರನದೇ.